ಎಡಗಡೆಯ ಏಳು ಹೂವು

ಬೀದರದ ಕಾರಿಗರ ಬಂದ ದಿನ ನಾನು ಸುಣ್ಣದ ಗುಂಡಿ ಕಲಕುತ್ತಿದ್ದೆ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ನೋಡಿಕೊಂಡು, ದಿನಕ್ಕೆರಡು ಸಲ ಕಟ್ಟಿಗೆಯಿಂದ ತಿರುವಬೇಕು. ತಿಂಗಳು ಕಳೆದರೆ ಅದು ಬೆಣ್ಣೆಯಂತಾಗುತ್ತದೆ. ಅವಸರ ಮಾಡಿದರೆ ಅರಳದ ಕಾಳು ಒಳಗೇ ಉಳಿದು, ಗೋಡೆಗೆ ಹಚ್ಚಿದ ಮೇಲೆ ಸಿಡಿದು ತೂತು ಬೀಳಿಸುತ್ತದೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಐದನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು ಕರಣೆ ಹಿಡಿದಾಗ ನನಗಿನ್ನೂ ಮೀಸೆ ಬಂದಿರಲಿಲ್ಲ.

ಕೆಲಸ ನಡೆದಿದ್ದದ್ದು ಹಳೇ ಜಾಗೀರದಾರ ಮನೆತನವೊಂದರ ಅರಮನೆಯಲ್ಲಿ. ಊರವರು ಅದನ್ನು ದೇವಡಿ ಎನ್ನುತ್ತಾರೆ. ಮುಂದಿನ ಅಂಗಳ ಹೋಗಿ ಅಂಗಡಿಗಳಾಗಿದ್ದವು, ಕುದುರೆ ಲಾಯ ಹೋಗಿ ಗೋದಾಮು ಆಗಿತ್ತು. ದರಬಾರಿನ ದೊಡ್ಡ ಕೋಣೆಯೊಂದು ಮಾತ್ರ ಇದ್ದ ಹಾಗೇ ಉಳಿದಿತ್ತು. ಅದನ್ನು ಮೊದಲಿನಂತೆ ಮಾಡಿ ಜನರಿಗೆ ತೆರೆಯಬೇಕೆಂದು ಮನೆಯವರು ತೀರ್ಮಾನಿಸಿದ್ದರು. ಈ ಮನೆತನದ ಹಿರಿಯರು ಕನ್ನಡಿಯನ್ನು, ಗಾಜಿನ ತೂಗುದೀಪದ ಝೂಮರನ್ನು ಹಡಗಿನಲ್ಲಿ ವಿಲಾಯತಿಯಿಂದ ತರಿಸಿದರಂತೆ. ಗೋಡೆಯ ಮೇಲಿನ ಸುಣ್ಣದ ಹೂವುಗಳಿಗೆ ಮಾತ್ರ ಈ ಕಡೆಯ ಗಾರೆಯವರನ್ನೇ ಕರೆಸಿದರಂತೆ. ಈ ಮಾತು ಕೇಳಿದಾಗ ನನ್ನ ಎದೆ ಎರಡು ಅಂಗುಲ ಉಬ್ಬಿತ್ತು.

ಎರಡು ತಿಂಗಳು ನಾನೊಬ್ಬನೇ ಮೇಸ್ತ್ರಿ. ಹಿಂದೆ ಯಾರೋ ಗುತ್ತಿಗೆದಾರ ಸುಣ್ಣದ ಮೇಲೆ ಬಳಿದಿದ್ದ ಸಿಮೆಂಟನ್ನು ಉಗುರಿನಷ್ಟು ಉಗುರಿನಷ್ಟೇ ಎಬ್ಬಿಸಿದೆ. ಬೆರಳ ಗೆಣ್ಣಿನಿಂದ ತಟ್ಟಿ, ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಹಸಿರು, ನೀಲಿ, ಗುಲಾಬಿ ಡಿಸ್ಟೆಂಪರಿನ ಪದರುಗಳನ್ನು ಒದ್ದೆ ಕಾಗದದ ಮುದ್ದೆ ಅಂಟಿಸಿ, ಮೆತ್ತಗಾದ ಮೇಲೆ ಬಿದಿರಿನ ಚೂರಿನಿಂದ ಸುಲಿದೆ. ಅಷ್ಟಾದ ಮೇಲೆ ಇಂಜಿನಿಯರ್ ಮೇಡಂ ಒಂದು ದಿನ ಇನ್ನೊಬ್ಬನನ್ನು ಕರೆದುಕೊಂಡು ಬಂದರು.

ಮೇಡಂ ನಾರಾಯಣಗೂಡದ ಹಳೇ ಕನ್ನಡದ ಮನೆಯವರು. ಅಜ್ಜ, ಅಪ್ಪ ಎಲ್ಲ ಸರಕಾರಿ ನೌಕರಿ ಮಾಡಿದವರು. ಈಗ ಕೊಂಡಾಪುರದ ಆಫೀಸಿನಿಂದ ವಾರಕ್ಕೆ ಮೂರು ದಿನ ಬರುತ್ತಿದ್ದರು.

"ಮೇಸ್ತ್ರಿ, ಇವರು ಬೀದರದ ಕಾರಿಗರ್ ಸಾಹೇಬರು. ಇನ್ನ ಮ್ಯಾಲ ನಿಮ್ಮ ಜೋಡಿ ಕೆಲಸ ಮಾಡ್ತಾರ" ಅಂದರು.

ನಾನು ಬರೇ ಮೇಸ್ತ್ರಿ. ಅವನು ಕಾರಿಗರ್ ಸಾಹೇಬರು. ಅಲ್ಲಿಗೆ ಶುರುವಾಯಿತು.

ಅವನು ನನ್ನ ವಾರಿಗೆಯವನೇ. ಮೆಟ್ರಿಕ್ ಓದಿದವನು, ಗೋಡೆಯ ಮೇಲಿನ ಉರ್ದು ಅಕ್ಷರಗಳನ್ನು ತಡವರಿಸದೆ ಓದುತ್ತಿದ್ದ. ಅಂಗಿಗೆ ಒಂದು ಹನಿ ಸುಣ್ಣ ಸಿಡಿಯದ ಹಾಗೆ ದಿನವಿಡೀ ಕೆಲಸ ಮಾಡುತ್ತಿದ್ದ. ಬಂದ ಮೊದಲ ಮೂರು ದಿನ ಕರಣೆಯನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಗೋಡೆ ನೋಡುತ್ತ ಕೂತ. ಮನೆಯ ಮುದುಕಿ, ದೊಡ್ಡ ಬೇಗಂ ಸಾಹೇಬರು, ಕೋಲೂರಿಕೊಂಡು ಬಂದರೆ ಅವರ ಜೊತೆ ತಾಸುಗಟ್ಟಲೆ ಮಾತು.

"ಗ್ವಾಡಿ ನೋಡಾಕ ಬಂದೀರೋ, ಗ್ವಾಡಿ ಮಾಡಾಕ ಬಂದೀರೋ?" ಎಂದು ಕೇಳಿಯೇಬಿಟ್ಟೆ.

"ನೋಡಿದ್ದಷ್ಟೇ ಮಾಡಾಕ ಬರ್ತೈತಿ ಅಲ್ರೀ ಅಣ್ಣಾರ" ಅಂದು ನಕ್ಕ.

ಬೇಗಂ ಸಾಹೇಬರ ಮನೆಯಿಂದ ನಾಲ್ಕು ಗಂಟೆಗೆ ಚಹಾ ಬರುತ್ತಿತ್ತು. ನಮಗೆಲ್ಲ ಗಾಜಿನ ಗ್ಲಾಸು. ಅವನಿಗೆ ಚಿನ್ನದ ಗೆರೆಯ ಕಪ್ಪು-ಬಸಿ. ನಾನು ಅರ್ಧ ಕುಡಿದು ಉಳಿದದ್ದನ್ನು ಚೆಲ್ಲುತ್ತಿದ್ದೆ.

ಮನೆಯಲ್ಲಿ ಹೆಂಡತಿ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಬೀದರದವ ಹಂಗಂದ, ಬೀದರದವ ಹಿಂಗ ಮಾಡಿದ. ಮುಂಜಾನಿಂದ ಎಷ್ಟು ಸಲ ಅಂದ್ರಿ? ನನ್ನ ಬಿಟ್ಟು ಅವನ್ನೇ ಲಗ್ನಾ ಆಗಬೇಕಿತ್ತ ನೀವು."

ದರಬಾರಿನ ಕೋಣೆಯಲ್ಲಿ ಎಲ್ಲಕ್ಕೂ ದೊಡ್ಡ ಕೆಲಸವೆಂದರೆ ತಲೆಯ ಮೇಲಿನ ಛತ್ತು. ನಡುವೆ ಝೂಮರ್ ತೂಗುವಲ್ಲಿ ಆಳೆತ್ತರ ಅಗಲದ ದುಂಡು ಹೂವು, ಸುತ್ತ ಬಳ್ಳಿ, ಬಳ್ಳಿಯ ಸುತ್ತ ಸಣ್ಣ ಹೂವುಗಳ ಸಾಲು. ಅರ್ಧಕ್ಕರ್ಧ ಕಳಚಿ ಬಿದ್ದಿತ್ತು. ಅದನ್ನು ಮಾಡಿದವನ ಹೆಸರು ಈ ಊರಿನ ಗಾರೆಯವರ ಬಾಯಲ್ಲಿ ಇನ್ನೊಂದು ತಲೆಮಾರು ಉಳಿಯುತ್ತದೆ. ಅದು ನನಗೆ ಬೇಕಾಗಿತ್ತು. ನನ್ನ ಹತ್ತಿರ ಸರ್ಟಿಫಿಕೇಟ್ ಇಲ್ಲ, ಛತ್ತೇ ನನ್ನ ಸರ್ಟಿಫಿಕೇಟ್ ಆಗುತ್ತದೆಂದು ಲೆಕ್ಕ ಹಾಕಿದ್ದೆ.

ಮೇಡಂ ಇಬ್ಬರನ್ನೂ ಕೂಡಿಸಿ ಹೇಳಿದರು. ಜಾಗೀರದಾರರು ಕೂಡುವ ಗಾದಿ, ಮಸನದ್, ಇಡುತ್ತಿದ್ದ ಜಾಗದ ಮೇಲೆ ಒಂದು ದೊಡ್ಡ ಕಮಾನು ಇದೆ. ಕಮಾನಿನ ಅಂಚಿಗೆ ಹದಿನಾಲ್ಕು ಹೂವು. ಎಡಗಡೆಯ ಏಳು ನನ್ನವು, ಬಲಗಡೆಯ ಏಳು ಅವನವು. ನನ್ನ ಕಡೆ ಮೂರು ಬಿದ್ದು ಹೋಗಿದ್ದವು, ನಾಲ್ಕು ಹಳೇವು ಉಳಿದಿದ್ದವು. ಅವನ ಕಡೆಯೂ ಅಷ್ಟೇ.

"ಬಿದ್ದಿದ್ದಷ್ಟೇ ಹೊಸದಾಗಿ ಕಟ್ರಿ. ಉಳಿದದ್ದನ್ನ ತೊಳೀರಿ, ಮುಟ್ಟಬ್ಯಾಡ್ರಿ. ಯಾರ ಕೈ ಹಳೇ ಕೈಗೆ ಸಮೀಪ ಬರ್ತದೋ ಅವ್ರಿಗೆ ಛತ್ತು."

ಅವರ ಹತ್ತಿರ ಒಂದು ದೊಡ್ಡ ನಕಾಶೆ ಇತ್ತು. ಗೋಡೆಯ ಪ್ರತಿಯೊಂದು ಹೂವಿಗೂ ಅದರಲ್ಲಿ ಒಂದು ಗುಂಡು. ಹಳೇದಾದರೆ ಹಸಿರು ಪೆನ್ಸಿಲು, ಹೊಸದಾದರೆ ಕೆಂಪು. ನೂರು ವರ್ಷದ ಮೇಲೆ ಬರುವವರಿಗೂ ಯಾವುದು ಯಾರದೆಂದು ಗೊತ್ತಾಗಬೇಕಂತೆ.

ನಾನು ಮೂರು ಹೂವು ಕಟ್ಟಿದೆ. ಇಟ್ಟಿಗೆಯ ಚೂರು, ದಪ್ಪ ಗಾರೆಯಿಂದ ಮೊದಲು ಒಡಲು. ಅದು ಬಿಗಿದ ಮೇಲೆ ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಬೆರೆಸಿ ಅರೆದ ಸಣ್ಣ ಗಾರೆ. ಕೊನೆಗೆ ಬಟ್ಟೆಯಲ್ಲಿ ಸೋಸಿದ ಸುಣ್ಣಕ್ಕೆ ಮೊಟ್ಟೆಯ ಬಿಳಿ ಹಾಕಿ ಕೈಹೆಬ್ಬೆರಳಿನಿಂದ ಎಳೆದ ಎಸಳು. ಎಂಟು ಎಸಳು, ಎಂಟೂ ಒಂದೇ ಅಳತೆ. ದಾರ ಹಿಡಿದು ನೋಡಿದರೂ ಕೂದಲಿನಷ್ಟು ಫರಕು ಬರುತ್ತಿರಲಿಲ್ಲ.

ಅಡ್ಡಿಯಾದದ್ದು ಹಳೇ ಹೂವೊಂದು. ಕಮಾನು ಕೆಳಗಿಳಿದು ಕಂಬಕ್ಕೆ ಕೂಡುವಲ್ಲಿ, ನನ್ನ ಸಾಲಿನ ಕೊನೆಯದು. ಡಿಸ್ಟೆಂಪರಿನ ಕೆಳಗೆ ಅದು ಬರೇ ಒಂದು ಉಂಡೆಯಂತಿತ್ತು, ಕೆಲಸಕ್ಕೆ ಮೊದಲು ಮೇಡಂ ತೆಗೆಸಿದ್ದ ಫೋಟೋದಲ್ಲಿಯೂ ಹಾಗೇ ಬಂದಿತ್ತು. ನಾನು ಸುಲಿದು ತೊಳೆದಾಗ ನೋಡಿದರೆ ಸೊಟ್ಟ. ಮೇಡಂ ಅದನ್ನಿನ್ನೂ ನೋಡಿರಲಿಲ್ಲ. ಒಂದು ಪಕ್ಕದ ಎಸಳುಗಳು ದಪ್ಪಗೆ ಎದ್ದು ನಿಂತಿದ್ದವು, ಇನ್ನೊಂದು ಪಕ್ಕದವು ಗೋಡೆಗೆ ಅಂಟಿದ ಹಾಗೆ ತೆಳ್ಳಗೆ. ಯಾರೋ ಕಲಿಯುವವನ ಕೈ ಎಂದುಕೊಂಡೆ. ನನ್ನ ಮೂರು ಹೂವಿನ ಪಕ್ಕದಲ್ಲಿ ಅದು ಸಾಲನ್ನೇ ಕೆಡಿಸುತ್ತಿತ್ತು. ಆಚೆ ಬಲಗಡೆ ಬೀದರದವನ ಸಾಲು ನೋಡಿದವರೆಲ್ಲ ವಾಹ್ ಎನ್ನುತ್ತಿದ್ದರು. ಅವನ ಪಾಲಿಗೆ ಬಂದ ಹಳೇ ಹೂವು ನಾಲ್ಕೂ ಚಂದ. ನನ್ನ ಪಾಲಿಗೇ ಈ ಸೊಟ್ಟದ್ದು ಬರಬೇಕೆ?

ಒಂದು ಶುಕ್ರವಾರ ಮಧ್ಯಾಹ್ನ ಕೂಲಿಯವರು ನಮಾಜಿಗೆ ಹೋದರು. ಮೇಡಂ ಕೊಂಡಾಪುರದಲ್ಲಿದ್ದರು. ಬೀದರದವ ಹಿಂದಿನ ಅಂಗಳದಲ್ಲಿ ಬುತ್ತಿ ಬಿಚ್ಚಿದ್ದ. ನಾನು ಅಟ್ಟಣಿಗೆ ಹತ್ತಿ, ಆ ಹೂವಿನ ಬುಡಕ್ಕೆ ಉಳಿ ಇಟ್ಟೆ. ಸುಲಭಕ್ಕೆ ಬರಲಿಲ್ಲ. ಹಳೇ ಗಾರೆ ಕಲ್ಲಿಗಿಂತ ಗಟ್ಟಿ, ಒಂಬತ್ತು ಏಟು ಬೇಕಾಯಿತು. ಒಂಬತ್ತನೆಯ ಏಟಿಗೆ ಬುಟ್ಟಿಯೊಳಗೆ ಬಿದ್ದು ನಾಲ್ಕು ಚೂರಾಯಿತು. ಮೇಲೆ ರದ್ದಿ ಗಾರೆ ಮುಚ್ಚಿ, ಖಾಲಿಯಾದ ಜಾಗಕ್ಕೆ ಅವತ್ತೇ ಒಡಲು ಕಟ್ಟಿ, ಒದ್ದೆ ಗೋಣಿತಾಟು ಹೊದಿಸಿದೆ. ನನ್ನ ಹೊಸ ಹೂವುಗಳಿಗೂ ತಾಟು ಹೊದಿಸಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ರವಿವಾರ ರಜೆ. ನೀರು ಸಿಂಪಡಿಸಬೇಕೆಂದು ಹೇಳಿ ಬಂದು ಎಸಳು ಎಳೆದೆ. ಹಳೇ ಬಣ್ಣ ಬರಲೆಂದು ಚಹಾಪುಡಿಯ ನೀರನ್ನೂ ಇಟ್ಟಿಗೆಯ ಪುಡಿಯನ್ನೂ ಬಟ್ಟೆಯಲ್ಲಿ ಅದ್ದಿ ಒತ್ತಿದೆ. ಹೇಳುವುದಕ್ಕೆ ಸಂಕೋಚವಿಲ್ಲ, ಆ ಹೂವಿನಷ್ಟು ಚಂದದ ಕೆಲಸ ನಾನು ಆವರೆಗೆ ಮಾಡಿರಲಿಲ್ಲ.

ಸೋಮವಾರ ರದ್ದಿಯ ಬುಟ್ಟಿ ಕೆಳಗಿಳಿಸುವಾಗ ಬೀದರದವ ಅಡ್ಡ ಬಂದ. ಬುಟ್ಟಿಯೊಳಗೆ ಕೈಹಾಕಿ ಏನೋ ಒಂದನ್ನು ಎತ್ತಿಕೊಂಡ. ಒರೆಸಿ ನೋಡಿದ. ನನ್ನನ್ನು ನೋಡಿದ. ಕರವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡು ತನ್ನ ಬಲಗಡೆಗೆ ಹೋದ.

ಅವನು ಚಾಡಿ ಹೇಳುತ್ತಾನೆಂದು ಒಂದು ವಾರ ಕಾದೆ. ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು, ಸುಳ್ಳೆಂದು ಅನ್ನಬಹುದಿತ್ತು. ಅವನು ಮಾತ್ರ ಮೊದಲಿನ ಹಾಗೆಯೇ "ಅಣ್ಣಾರ, ನಿಮ್ಮ ಗುಂಡಿ ಸುಣ್ಣಾ ಭಾಳ ಚಲೋ ಕುಂತೈತಿ, ಒಂದು ಡಬ್ಬಿ ಕೊಡ್ರಿ" ಎನ್ನುತ್ತಿದ್ದ. ನಾನು ಡಬ್ಬಿ ತುಂಬಿ ಕೊಡುತ್ತಿದ್ದೆ. ಕೊಡುವಾಗ ಕೈ ಉರಿಯುತ್ತಿತ್ತು.

ಮುಂದಿನ ವಾರ ಮೇಡಂ ತಮ್ಮ ಆಫೀಸಿನ ಇಬ್ಬರನ್ನು ಕರೆದುಕೊಂಡು ಅಟ್ಟಣಿಗೆ ಹತ್ತಿದರು. ತಾಟು ತೆಗೆಸಿ, ಒಂದೊಂದೇ ಹೂವಿನ ಮೇಲೆ ಬ್ಯಾಟರಿ ಬಿಟ್ಟು ನೋಡಿದರು. ನನ್ನ ಮೂರು ಹೊಸ ಹೂವುಗಳ ಮುಂದೆ "ಛಲೋ ಆಗ್ಯಾವ. ಆದ್ರ ಸ್ವಲ್ಪ ಬಿಗಿ" ಅಂದರು. ಕೊನೆಯದರ ಮುಂದೆ ನಿಂತರು. ಬಹಳ ಹೊತ್ತು ನಿಂತರು.

"ಇಲ್ನೋಡ್ರಿ" ಎಂದು ಎಲ್ಲರನ್ನೂ ಕರೆದರು. "ಹಳೇ ಕೈ ಅಂದ್ರ ಇದು. ಈ ಎಸಳು ಹೆಂಗ ತಿರುಗ್ಯಾವ ನೋಡ್ರಿ. ಇಂಥಾದ್ದು ಈಗ ಯಾರಿಗೂ ಬರಂಗಿಲ್ಲ. ಮೇಸ್ತ್ರಿ, ನಿಮ್ಮ ಮೂರಕ್ಕೂ ಇದಕ್ಕೂ ಫರಕ್ ಗೊತ್ತಾತೇನು?"

ಅದೂ ನನ್ನದೇ ಕೈ. ಯಾರೂ ನೋಡದೆ, ಕದ್ದು, ಒಬ್ಬನೇ ಮಾಡಿದ್ದಕ್ಕೋ ಏನೋ, ದಾರದ ಅಳತೆ ಮರೆತು ಮಾಡಿದ್ದೆ. ಹುಟ್ಟಿದಾಗಿನಿಂದ ನನ್ನ ಕೆಲಸಕ್ಕೆ ಅಂಥ ಮಾತು ಯಾರೂ ಆಡಿರಲಿಲ್ಲ. ಆಡಿದ್ದು ಯಾವನೋ ಸತ್ತವನ ಹೆಸರಿಗೆ ಹೋಯಿತು.

ಮೇಡಂ ಬೀದರದವನ ಕಡೆ ತಿರುಗಿದರು. "ಕಾರಿಗರ್ ಸಾಹೇಬ್, ನಾಳೆ ಈ ಹೂವಿನ ಅಚ್ಚು ತೆಗೀರಿ. ಛತ್ತಿನ ಸಣ್ಣ ಹೂವುಗಳಿಗೆಲ್ಲಾ ಇದೇ ಮಾದರಿ."

ಅವನು ಮುಂದೆ ಬಂದ. ಹೂವನ್ನು ಮುಟ್ಟಲಿಲ್ಲ. "ಮೇಡಂ, ಎಡಗಡೆ ಮೇಸ್ತ್ರಿಯವರ ಪಾಲು. ಅಚ್ಚು ಅವರೇ ತಗೀಲಿ. ನಾ ತಗದ್ರ ಸರಿ ಆಗಂಗಿಲ್ಲ" ಅಂದ. ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಎರಡು ದಿನ ಅಚ್ಚು ತೆಗೆಯುವ ಕೆಲಸವನ್ನು ಏನೇನೋ ನೆಪ ಹೇಳಿ ಮುಂದೂಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಛತ್ತಿನ ತುಂಬ ನನ್ನ ಹೂವು. ಅಚ್ಚು ನನ್ನ ಕೈಗೆ ಬಂದ ಮೇಲೆ ಬಹುಶಃ ಛತ್ತೂ ನನಗೇ ಸಿಗುತ್ತಿತ್ತು. ಆದರೆ ಅದು ನನ್ನದೆಂದು ಒಬ್ಬರಿಗೂ ಹೇಳುವ ಹಾಗಿಲ್ಲ. ಗೊತ್ತಿರುವವನು ಜಗತ್ತಿನಲ್ಲಿ ಒಬ್ಬನೇ, ಅವನೂ ಬೀದರದವ. ಮುಂದೆ ಯಾವುದೇ ಕೆಲಸದಲ್ಲಿ ಎದುರಾದರೂ ಅವನು ನನ್ನನ್ನು ಉಳಿಸಿದವನು, ನಾನು ಉಳಿದವನು. ಇದನ್ನು ಒಳ್ಳೆಯತನ ಎಂದು ಬರೆದುಕೊಳ್ಳಲಾರೆ. ಆ ಮನುಷ್ಯನ ಉಪಕಾರ ನನಗೆ ಬೇಡವಾಗಿತ್ತು. ಅಷ್ಟೇ.

ಮೂರನೆಯ ದಿನ ಮುಂಜಾನೆ, ಮೇಡಂ ನಕಾಶೆ ಹಾಸಿಕೊಂಡು ಕೂತಿದ್ದಾಗ ಹೋಗಿ ನಿಂತೆ.

"ಮೇಡಂ, ಕೊನೀ ಹೂವು ಹಳೇದಲ್ಲರಿ. ನಂದು."

ಅವರು ನಕ್ಕರು. "ಏನ್ ಚಾಷ್ಟಿ ಮಾಡ್ತೀರಿ ಮೇಸ್ತ್ರಿ? ಅದಕ್ಕ ಹಸಿರು ಗುಂಡು ಐತಿ."

"ಚಾಷ್ಟಿ ಅಲ್ಲರಿ. ನಾನೇ ಮಾಡೀನಿ. ಬೇಕಂದ್ರ ನಿಮ್ಮ ಕಣ್ಣ ಮುಂದ ಇನ್ನೊಂದು ಮಾಡಿ ತೋರಸ್ತೀನಿ."

ನಗೆ ಹೋಯಿತು. "ಮತ್ತ ಹಳೇದು?"

"ಒಡದೆ."

"ಬಿತ್ತೇನು?"

"ಬೀಳಲಿಲ್ಲರಿ. ಒಡದೆ. ಸೊಟ್ಟ ಇತ್ತು."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ನಕಾಶೆಯ ಮೇಲಿಟ್ಟರು. ಆಮೇಲೆ ಸಾವಕಾಶ ಹೇಳಿದರು. "ಮೇಸ್ತ್ರಿಯವರ, ಸೋರಿದ ನೀರು, ಗೆದ್ದಲು, ಸಿಮೆಂಟು, ಎಲ್ಲಾ ತಡಕೊಂಡು ನಿಂತಿತ್ತದು. ನಿಮ್ಮನ್ನ ತಡಕೊಳ್ಳಲಿಕ್ಕೆ ಆಗಲಿಲ್ಲ."

ಅವತ್ತೇ ಮೊದಲ ಸಲ ಮೇಡಂ ನನ್ನನ್ನು ಮೇಸ್ತ್ರಿಯವರು ಎಂದದ್ದು.

ಕೆಂಪು ಪೆನ್ಸಿಲನ್ನು ನನ್ನ ಕೈಗೇ ಕೊಟ್ಟರು. ಹಸಿರಿನ ಮೇಲೆ ಕೆಂಪು ತಿದ್ದಿದೆ. ಅದು ಹಸಿರೂ ಆಗಲಿಲ್ಲ, ಕೆಂಪೂ ಆಗಲಿಲ್ಲ, ಕೆಸರಿನ ಬಣ್ಣವಾಯಿತು. ಹದಿನಾಲ್ಕರಲ್ಲಿ ಅದೊಂದು ಗುಂಡು ಇವತ್ತಿಗೂ ಹಾಗೇ ಇದೆ.

"ಛತ್ತು ಕಾರಿಗರರು ಮಾಡ್ತಾರ. ನೀವು ಆ ಹೂವನ್ನ ಮೊದಲು ಹೆಂಗಿತ್ತೋ ಹಂಗ ಮಾಡಿಕೊಡ್ರಿ. ಆಮ್ಯಾಲ ನಿಮ್ಮ ಹಾದಿ ನಿಮಗ."

ನನ್ನ ಜನ್ಮದ ಒಳ್ಳೆಯ ಹೂವನ್ನು ನಾನೇ ಕಿತ್ತೆ. ಅದು ಮೂರೇ ಏಟಿಗೆ ಬಂತು. ಇನ್ನೂ ಹಸಿಯಿತ್ತು.

ಸೊಟ್ಟ ಹೂವು ಮಾಡುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. ಫೋಟೋದಲ್ಲಿ ಉಂಡೆ ಬಿಟ್ಟರೆ ಏನಿಲ್ಲ. ನೆನಪಿನಿಂದ ಕಟ್ಟಿದೆ. ಒಂದು ಪಕ್ಕ ಎತ್ತಿದೆ, ಇನ್ನೊಂದು ಪಕ್ಕ ತಗ್ಗಿಸಿದೆ. ಅದು ಬರೇ ಕೆಟ್ಟ ಹೂವಾಯಿತು. ಕಿತ್ತೆ. ಎರಡನೆಯದು ಬಾಡಿದ ಎಲೆಕೋಸಿನಂತೆ ಕಂಡಿತು. ಕಿತ್ತೆ. ಮೂರನೆಯದಕ್ಕೆ ಒಡಲು ಕಟ್ಟುವಾಗ ಬೀದರದವ ಛತ್ತಿನ ಅಟ್ಟಣಿಗೆಯಿಂದ ಇಳಿದು ಬಂದ. ಕರವಸ್ತ್ರ ಬಿಚ್ಚಿ ನನ್ನ ಅಂಗೈಯಲ್ಲಿ ಒಂದು ಚೂರು ಇಟ್ಟ. ಅವತ್ತು ಬುಟ್ಟಿಯಿಂದ ಎತ್ತಿಕೊಂಡಿದ್ದ ಎಸಳು.

"ಅಂಚು ಮುಟ್ಟಿ ನೋಡ್ರಿ" ಅಂದ.

ಒಂದು ಅಂಚು ಹೆಬ್ಬೆರಳಿನಷ್ಟು ದಪ್ಪ. ಅಲ್ಲಿಂದ ಇಳಿಯುತ್ತ ಇಳಿಯುತ್ತ ಇನ್ನೊಂದು ಅಂಚು ಉಗುರಿನಷ್ಟು ತೆಳು. ಎಲ್ಲಿಯೂ ಕೈ ತಡವರಿಸಿಲ್ಲ. ಕಲಿಯುವವನ ಕೈ ಆಗಿರಲು ಸಾಧ್ಯವೇ ಇರಲಿಲ್ಲ. ಬೇಕೆಂದೇ ಮಾಡಿದ್ದು.

"ಯಾಕ ಹಿಂಗ ಮಾಡ್ಯಾನ?"

"ಬರ್ರಿ ನನ್ನ ಹಿಂದ."

ಎಡಗೋಡೆಯ ಮಗ್ಗುಲಲ್ಲಿ ಕಿರಿದಾದ ಮೆಟ್ಟಿಲು. ಮೇಲೆ ಜನಾನಾದ ಪಡಸಾಲೆ. ದರಬಾರು, ಹಾಡು, ಕವಿಗಳ ಮುಷಾಯಿರಾ ನಡೆಯುವಾಗ ಮನೆಯ ಹೆಂಗಸರು ಅಲ್ಲಿ ಕಟ್ಟಿಗೆಯ ಜಾಲರಿಯ ಹಿಂದೆ ಕೂತು ನೋಡುತ್ತಿದ್ದರಂತೆ. ಮೂರು ತಿಂಗಳಲ್ಲಿ ನಾನು ಅಲ್ಲಿಗೆ ಹತ್ತಿದ್ದು ಎಬ್ಬಿಸಿದ ಸಿಮೆಂಟಿನ ರದ್ದಿಯ ಚೀಲ ಇಡಲು ಮಾತ್ರ.

"ನಿಂತಲ್ಲ. ಕೂಡ್ರಿ. ಹೆಣ್ಮಕ್ಕಳು ಕೂತಂಗ, ನೆಲಕ್ಕ" ಅಂದ.

ಕೂತೆ. ಮೇಲಿಂದ ದಪ್ಪ ತೊಲೆ ಅಡ್ಡ ಬಂತು. ಬಲಕ್ಕೆ ಕಂಬ. ಝೂಮರ್ ಇಲ್ಲ, ಕನ್ನಡಿ ಇಲ್ಲ, ಕಮಾನೂ ಇಲ್ಲ. ಜಾಲರಿಯ ಕಿಂಡಿಯೊಳಗಿಂದ ಆ ಇಡೀ ದರಬಾರಿನ ಅಲಂಕಾರದಲ್ಲಿ ಕಾಣುತ್ತಿದ್ದದ್ದು ಒಂದೇ ಜಾಗ, ನಾನು ಒಡೆದ ಹೂವಿನ ಜಾಗ. ಅದೂ ಓರೆಯಾಗಿ, ಪಕ್ಕದಿಂದ.

"ಬೇಗಂ ಸಾಹೇಬರು ಹೇಳಿದ್ರು. ಲಗ್ನಾಗಿ ಬಂದ ಹೊಸದಾಗ ಸೊಸೆ ಅಂತ ಇದೇ ಮೂಲ್ಯಾಗ ಕೂಡಸ್ತಿದ್ರಂತ. ಹಾಡೆಲ್ಲಾ ಮುಗಿಯೂತನ ಆ ಒಂದ ಹೂವು ನೋಡ್ಕೋತ ಕೂಡ್ತಿದ್ರಂತ. ಇಲ್ಲಿಂದ ಅದು ಸೊಟ್ಟ ಇರಲಿಲ್ಲಂತ್ರೀ ಅಣ್ಣಾರ. ದುಂಡಗಿತ್ತಂತ."

ಆ ಗಾರೆಯವನು ಹದಿಮೂರು ಹೂವು ಗಂಡಸರಿಗೆ ಕಟ್ಟಿ, ಒಂದನ್ನು ಈ ಕಡೆ ತಿರುಗಿಸಿದ್ದ. ಅದು ನನಗೆ ತಿಳಿಯಲಿಲ್ಲ, ಬೀದರದವನಿಗೆ ತಿಳಿದಿತ್ತು. ಮೂರು ದಿನ ಕರಣೆ ಮುಟ್ಟದೆ ಮುದುಕಿಯ ಮಾತು ಕೇಳಿದವನಿಗೆ. ಆ ಕ್ಷಣದಲ್ಲೂ ಹೊಟ್ಟೆ ಉರಿಯಿತು. ಸುಳ್ಳು ಹೇಳಿ ಏನು ಮಾಡಲಿ.

ಮರುದಿನ ಬೇಗಂ ಸಾಹೇಬರನ್ನು ಕುರ್ಚಿಯಲ್ಲಿ ಕೂಡಿಸಿ ಇಬ್ಬರು ಮೇಲಕ್ಕೆ ಎತ್ತಿಕೊಂಡು ಬಂದರು. ಅವರು ಕುರ್ಚಿ ಬಿಟ್ಟು ನೆಲಕ್ಕೇ ಕೂತರು. ನಾನು ಅಟ್ಟಣಿಗೆಯ ಮೇಲೆ, ಅವರು ಜಾಲರಿಯ ಹಿಂದೆ. ನನಗೆ ಅವರ ಮುಖ ಕಾಣುವುದಿಲ್ಲ, ದನಿ ಮಾತ್ರ. ಒಂದು ಎಸಳು ಎಳೆಯುವುದು, ಕೇಳುವುದು.

"ಇತ್ತಾ ಮೋಟಾ ನಕ್ಕೋ ಮೇಸ್ತ್ರಿ, ಜರಾ ಪತ್ಲಾ" ಎನ್ನುವರು. ಇಷ್ಟು ದಪ್ಪ ಬೇಡವೆಂದು. ನಾನು ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಮಾಡುವೆ.

"ಅಯ್ಯೋ, ಇದು ಯಾರ ಹೂವು? ನಮ್ಮದಲ್ಲ" ಎಂದು ತಮ್ಮ ಉರ್ದುವಿನಲ್ಲೇ ಗದರಿಸುವರು. ನಾನು ಕೆರೆದು ಮತ್ತೆ ಹಚ್ಚುವೆ.

ಕಣ್ಣಿಗೆ ಸೊಟ್ಟ ಕಾಣುವುದನ್ನು ಕೈ ಒಪ್ಪುವುದಿಲ್ಲ. ಪ್ರತಿಸಲವೂ ಹೆಬ್ಬೆರಳು ತಾನಾಗಿ ಸರಿಮಾಡಲು ಹೋಗುತ್ತಿತ್ತು. ಕೊನೆಗೆ ಆ ಹಳೇ ಎಸಳನ್ನು ಎಡಗೈಯಲ್ಲಿ ಹಿಡಿದುಕೊಂಡು, ಹೂವಿನ ಕಡೆ ನೋಡುವುದನ್ನೇ ಬಿಟ್ಟು, ಎಡಗೈ ಹೇಳಿದಂತೆ ಬಲಗೈ ನಡೆಸಿದೆ. ಸುಣ್ಣ ಬಿಗಿಯುವುದರೊಳಗೆ ಮುಗಿಯಬೇಕು. ಮೊದಲ ದಿನ ಆಗಲಿಲ್ಲ. ಎರಡನೆಯ ದಿನ ಐದು ಎಸಳು ಒಪ್ಪಿದರು. ಮೂರನೆಯ ದಿನ ಮಧ್ಯಾಹ್ನ ಎಂಟನೆಯದನ್ನು ಎಳೆದು ಕೈ ಕೆಳಗಿಳಿಸಿದೆ.

ಜಾಲರಿಯ ಹಿಂದೆ ಸದ್ದಿಲ್ಲ. ಮುದುಕಿಗೆ ನಿದ್ದೆ ಹತ್ತಿತೇನೋ ಎಂದುಕೊಂಡೆ.

"ಬೇಗಂ ಸಾಹೇಬ್?"

ಜಾಲರಿಯ ಹಿಂದಿನಿಂದ ದನಿ ಬಂತು. "ಹೌ. ಯಹೀಚ್ ಹೈ."

ಹೌದು, ಇದೇ. ಅಷ್ಟೇ ಮಾತು. ನಾಲ್ಕು ಗಂಟೆಗೆ ಚಹಾ ಬಂತು. ನನಗೆ ಅವತ್ತೂ ಗ್ಲಾಸಿನಲ್ಲೇ.

ನನ್ನ ಸಾಮಾನು ಕಟ್ಟಿಕೊಂಡು ಹೊರಟೆ. ಗುಂಡಿಯ ಸುಣ್ಣ ಬೀದರದವನಿಗೆ ಬಿಟ್ಟೆ. ಅರವತ್ತು ದಿನದ ಸುಣ್ಣ, ಹೊತ್ತುಕೊಂಡು ಹೋಗುವಂತಿರಲಿಲ್ಲ. ಛತ್ತು ಅವನದು, ಸುಣ್ಣ ನನ್ನದು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅವನೂ ಎಲ್ಲರ ಮುಂದೆ ಹಾಗೇ ಹೇಳುತ್ತಾನಂತೆ. ಅದೂ ನನಗೆ ಸೇರುವುದಿಲ್ಲ.

ಈಗ ಆ ಕೋಣೆಯನ್ನು ಜನರಿಗೆ ತೆರೆದಿದ್ದಾರೆ. ಸುಲ್ತಾನ್ ಬಜಾರಿಗೆ ಸಾಮಾನು ತರಲು ಹೋದಾಗೊಮ್ಮೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟವರೆಲ್ಲ ಕುತ್ತಿಗೆ ಮೇಲೆತ್ತಿ ಛತ್ತು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ನಾನೂ ನೋಡಿದೆ. ಒಂದಾದರೂ ತಪ್ಪು ಸಿಗಲೆಂದು ಅರ್ಧ ತಾಸು ಕುತ್ತಿಗೆ ನೋಯಿಸಿಕೊಂಡೆ. ಸಿಗಲಿಲ್ಲ.

"ಭಾಳ ಚಂದ ಮಾಡ್ಯಾನಲ್ರಿ ನಿಮ್ಮ ಬೀದರದವ" ಅಂದಳು ಹೆಂಡತಿ.

ನಾನು ಅವಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ, ಜಾಲರಿಯ ಹಿಂದೆ, ಮೂಲೆಯಲ್ಲಿ, ನೆಲಕ್ಕೆ ಕೂಡಿಸಿದೆ. ಪಕ್ಕದಲ್ಲಿ ನಾನೂ ಕೂತೆ. ತೊಲೆ ಅಡ್ಡ ಬಂದು ಛತ್ತು ಮುಚ್ಚಿತು.

"ಇಲ್ಲಿಂದ ಒಂದ ಹೂವು ಕಾಣತೈತಿ, ಅಷ್ಟೇ" ಅಂದಳು.

"ಹೌದು" ಅಂದೆ. "ಅಷ್ಟೇ ಕಾಣತೈತಿ."